ಕಂಟೇನರ್ ಆರಿಸುವ ಮೊದಲು ಒಳಗೆ ಹೋಗಿ ಬಾಗಿಲು ಹಾಕಿಸಿಕೊಳ್ಳಿ

ಹಳೆಯ ಶಿಪ್ಪಿಂಗ್ ಕಂಟೇನರ್ ನೋಡಲು ಹೋಗಿದ್ದೀರಿ ಅಂದುಕೊಳ್ಳಿ. ಹೊರಗೆ ಹೊಸ ಬಣ್ಣ ಬಳಿದಿದ್ದಾರೆ, ನೋಡಲು ಗಟ್ಟಿಯಾಗಿದೆ. ಅಷ್ಟಕ್ಕೇ ಒಪ್ಪಬೇಡಿ. ಬಾಗಿಲು ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ, ಆಮೇಲೆ ಒಳಗೆ ಹೋಗಿ. ಜೊತೆಗೆ ಬಂದವರನ್ನು ಹೊರಗೇ ನಿಲ್ಲಿಸಿ ಎರಡೂ ಬಾಗಿಲು ಹಾಕಲು ಹೇಳಿ. ಒಬ್ಬರೇ ಇದ್ದಾಗ ಇದನ್ನು ಮಾಡಲೇಬೇಡಿ, ಈ ಬಾಗಿಲನ್ನು ಒಳಗಿನಿಂದ ತೆಗೆಯಲು ಆಗುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಸುಮ್ನೆ ನಿಲ್ಲಿ. ಆಮೇಲೆ ತಲೆ ಎತ್ತಿ ನೋಡಿ. ಚಾವಣಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತು ಇದೆ ಎಂದೇ ಅರ್ಥ. ಬೆಳಕು ಬರುವ ಕಡೆ ಮಳೆ ನೀರೂ ಬರುತ್ತದೆ. ಬಾಗಿಲಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ರಬ್ಬರ್ ಪಟ್ಟಿ ಹೋಗಿದೆ, ಇಲ್ಲವೇ ಪೆಟ್ಟಿಗೆಯ ಚೌಕಟ್ಟೇ ಸೊಟ್ಟಗಾಗಿದೆ.

ಇದಕ್ಕೆ ಕಾಸಿನ ಖರ್ಚಿಲ್ಲ. ಆದರೂ ಎಷ್ಟೋ ಜನ ಮಾಡುವುದಿಲ್ಲ. 20 ಅಡಿಯದೋ 40 ಅಡಿಯದೋ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಹೋಗಿ ವ್ಯಾಪಾರ ಮುಗಿಸಿ ಬರುತ್ತಾರೆ. ನಿಜವಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಒಳಗೆ ಏನು ಇಡುತ್ತೀರಿ? ಪೆಟ್ಟಿಗೆ ಊರೂರು ಸುತ್ತುತ್ತದೋ, ಒಂದೇ ಕಡೆ ಕೂತಿರುತ್ತದೋ? ಇವೆರಡಕ್ಕೆ ಉತ್ತರ ಸಿಕ್ಕರೆ ಅಳತೆ, ಜಾತಿ, ದರ್ಜೆ ಎಲ್ಲವೂ ಬಹುಪಾಲು ತಾವಾಗಿಯೇ ತೀರ್ಮಾನವಾಗುತ್ತವೆ.

ಶಕ್ತಿ ಇರುವುದು ಮೂಲೆಗಳಲ್ಲಿ

ಮೊದಲು ಪೆಟ್ಟಿಗೆಯ ಮೈಕಟ್ಟು ತಿಳಿದುಕೊಳ್ಳೋಣ. 1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟ 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಪೆಟ್ಟಿಗೆಗಳಿದ್ದವು. ಆ ಪ್ರಯೋಗದ ಹಿಂದೆ ಇದ್ದವರು ಲಾರಿ ಸಾಗಣೆಯಲ್ಲಿ ಪಳಗಿದ್ದ ಮಾಲ್ಕಮ್ ಮೆಕ್‌ಲೀನ್. ಲಾರಿಯಿಂದ ಇಳಿಸಿದ ಪೆಟ್ಟಿಗೆಯನ್ನು ಬಿಚ್ಚದೆ, ಹಾಗೇ ಹಡಗಿಗೆ ಏರಿಸಬೇಕು ಎನ್ನುವುದು ಅವರ ಯೋಚನೆ. ಅದು ಕೈಗೂಡಲು ಎಂಜಿನಿಯರ್ ಕೀತ್ ಟ್ಯಾಂಟ್ಲಿಂಗರ್ ರೂಪಿಸಿದ ಮೂಲೆಯ ಜೋಡಣೆಗಳು ಮುಖ್ಯ ಕಾರಣ. ಇವತ್ತಿಗೂ ಪ್ರತಿ ಕಂಟೇನರಿನ ಎಂಟು ಮೂಲೆಗಳಲ್ಲಿ ಅಂಡಾಕಾರದ ತೂತುಗಳಿರುವ ದಪ್ಪ ಉಕ್ಕಿನ ತುಂಡು ಕಾಣುತ್ತದೆ. ಕ್ರೇನ್ ಹಿಡಿಯುವುದು ಅದನ್ನೇ, ಲಾರಿಗೆ ಬಿಗಿಯುವುದೂ ಅದನ್ನೇ, ಒಂದರ ಮೇಲೊಂದು ಪೇರಿಸಿದಾಗ ಭಾರ ಇಳಿಯುವುದೂ ಅದರ ಮೂಲಕವೇ.

ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 1,92,000 ಕೆ.ಜಿ. ಪೇರಿಸಬಹುದು ಎಂದು ಬಾಗಿಲಿನ ಲೋಹದ ಫಲಕದಲ್ಲಿ ಬರೆದಿರುತ್ತದೆ. ಅಷ್ಟನ್ನೂ ಹೊರುವುದು ನಾಲ್ಕು ಮೂಲೆಗಂಬಗಳು. ಚಾವಣಿಯ ಕಥೆಯೇ ಬೇರೆ. ಸುಮಾರು 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಜಾಗದಲ್ಲಿ 300 ಕೆ.ಜಿ. ಇಟ್ಟು ಅದನ್ನು ಪರೀಕ್ಷೆ ಮಾಡುತ್ತಾರೆ, ಅಷ್ಟೇ. ಗೋಡೆಯ ತಗಡು 2 ಮಿಲಿಮೀಟರ್ ಆಸುಪಾಸಿನದು. ಏರಿಳಿತದ ಮಡಿಕೆ ಇರುವುದರಿಂದ ಅದು ನೇರವಾಗಿ ನಿಂತಿದೆ.

ಇಷ್ಟು ಗೊತ್ತಿದ್ದರೆ ಹಲವು ತಪ್ಪುಗಳು ತಪ್ಪುತ್ತವೆ. ಕಂಟೇನರನ್ನು ನೆಲದಲ್ಲಿ ಹೂಳಿ ನೆಲಮಾಳಿಗೆ ಮಾಡುವ ಯೋಚನೆ ಕೆಲವರಿಗೆ ಬರುತ್ತದೆ. ದಯವಿಟ್ಟು ಬೇಡ. ಪಕ್ಕದಿಂದ ಒತ್ತುವ ಮಣ್ಣನ್ನು, ಅದರಲ್ಲೂ ಒದ್ದೆ ಮಣ್ಣನ್ನು ತಡೆಯಲು ಈ ಗೋಡೆಗಳನ್ನು ಮಾಡಿಲ್ಲ. ಮೇಲೆ ಮಣ್ಣು ಹೇರಿದರೆ ಚಾವಣಿ ಬಾಗುತ್ತದೆ. ಜೀವಕ್ಕೇ ಅಪಾಯ. ಹಾಗೆಯೇ ಕಿಟಕಿಗೋ ಬಾಗಿಲಿಗೋ ಗೋಡೆ ಕತ್ತರಿಸುವುದಾದರೆ, ಕತ್ತರಿಸಿದ ಜಾಗದ ಸುತ್ತ ಉಕ್ಕಿನ ಚೌಕಟ್ಟು ವೆಲ್ಡ್ ಮಾಡಿಸಲೇಬೇಕು.

ಜಾಗ ಮೊದಲು ತುಂಬುತ್ತದೋ, ತೂಕವೋ

20 ಅಡಿಯ ಕಂಟೇನರಿನ ಒಳಗಿನ ಉದ್ದ ಸುಮಾರು 5.9 ಮೀಟರ್, ಅಗಲ 2.35, ಎತ್ತರ 2.39. ಅಂದರೆ 33 ಘನ ಮೀಟರ್ ಜಾಗ. 40 ಅಡಿಯದರಲ್ಲಿ ಉದ್ದ 12 ಮೀಟರ್, ಜಾಗ 67 ಘನ ಮೀಟರ್. ಅದೇ 40 ಅಡಿಯದು ಒಂದಡಿ ಜಾಸ್ತಿ ಎತ್ತರವಿದ್ದರೆ ಹೈಕ್ಯೂಬ್ ಅನ್ನುತ್ತಾರೆ. ಅದರಲ್ಲಿ 76 ಘನ ಮೀಟರ್ ಸಿಗುತ್ತದೆ.

ಜಾಗ ಎರಡರಷ್ಟು ಇದ್ದರೆ ಎರಡರಷ್ಟು ತೂಕ ಹಾಕಬಹುದು ಅನ್ನಿಸುತ್ತದೆ, ಅಲ್ವಾ? ಹಾಗಿಲ್ಲ. ಈಗಿನ 20 ಅಡಿಯ ಪೆಟ್ಟಿಗೆ ಸರಕೂ ಸೇರಿ ಸಾಮಾನ್ಯವಾಗಿ 30,480 ಕೆ.ಜಿ. ತೂಗಬಹುದು. ಖಾಲಿ ಪೆಟ್ಟಿಗೆಯ ತೂಕ 2,200 ಕೆ.ಜಿ. ಆಸುಪಾಸು. ಉಳಿದದ್ದು 28 ಟನ್. 40 ಅಡಿಯದರ ಒಟ್ಟು ಮಿತಿ ಬಹಳಷ್ಟು ಪೆಟ್ಟಿಗೆಗಳಲ್ಲಿ 30,480 ಅಥವಾ 32,500 ಕೆ.ಜಿ. ಅದರ ಸ್ವಂತ ತೂಕವೇ 3,700ರಿಂದ 3,900 ಕೆ.ಜಿ. ಕಳೆದು ನೋಡಿ. ಸರಕಿಗೆ ಉಳಿಯುವುದು ಹೆಚ್ಚುಕಮ್ಮಿ ಅಷ್ಟೇ, 27-28 ಟನ್. ಜಾಗ ದುಪ್ಪಟ್ಟು, ತೂಕ ಮಾತ್ರ ಅಷ್ಟಕ್ಕಷ್ಟೇ.

ಹಾಗಾಗಿ ಒಂದು ಸುಲಭ ಲೆಕ್ಕ ಮಾಡಿ. ನಿಮ್ಮ ಸರಕಿನ ಒಟ್ಟು ತೂಕವನ್ನು ಅದು ತೆಗೆದುಕೊಳ್ಳುವ ಘನ ಮೀಟರ್ ಜಾಗದಿಂದ ಭಾಗಿಸಿ. ಒಂದು ಘನ ಮೀಟರಿಗೆ 400 ಕೆ.ಜಿ.ಗಿಂತ ತುಂಬಾ ಜಾಸ್ತಿ ಬಂದರೆ 40 ಅಡಿಯ ಪೆಟ್ಟಿಗೆ ಅರ್ಧ ಖಾಲಿ ಇರುವಾಗಲೇ ತೂಕದ ಮಿತಿ ಮುಟ್ಟುತ್ತದೆ. ಟೈಲ್ಸ್, ಕಲ್ಲು, ಕಬ್ಬಿಣ, ಅಕ್ಕಿ ಮೂಟೆ, ಕಾಗದದ ಕಟ್ಟು ಇವಕ್ಕೆಲ್ಲ 20 ಅಡಿಯೇ ಸರಿ. ಹಾಸಿಗೆ, ಪ್ಲಾಸ್ಟಿಕ್ ಸಾಮಾನು, ಪೀಠೋಪಕರಣ, ಬಟ್ಟೆಯಂಥ ಹಗುರದ ಸರಕಿಗೆ 40 ಅಡಿಯ ಹೈಕ್ಯೂಬ್. ಇದರ ಮೇಲೆ ರಸ್ತೆಯ ತೂಕದ ನಿಯಮ ಬೇರೆ ಇರುತ್ತದೆ. ಪೆಟ್ಟಿಗೆ ತಡೆಯುವ ತೂಕವನ್ನು ಆ ದಾರಿಯ ಲಾರಿ ಒಯ್ಯಲು ಕಾನೂನು ಬಿಡದೇ ಇರಬಹುದು. ಎರಡರಲ್ಲಿ ಕಮ್ಮಿ ಇರುವ ಅಂಕಿಯೇ ನಿಮ್ಮ ಮಿತಿ.

ತೂಕ ಎಲ್ಲಿ ಕೂರುತ್ತದೆ ಎನ್ನುವುದೂ ಮುಖ್ಯ. ಪೆಟ್ಟಿಗೆಯ ಯಾವುದೇ ಅರ್ಧ ಉದ್ದದಲ್ಲಿ ಒಟ್ಟು ಸರಕಿನ ಶೇ. 60ಕ್ಕಿಂತ ಜಾಸ್ತಿ ತೂಕ ಇರಬಾರದು ಎಂಬ ರೂಢಿಯ ನಿಯಮವಿದೆ. ಭಾರದ ಯಂತ್ರವನ್ನು ತಳ್ಳಲು ಸುಲಭ ಅಂತ ಬಾಗಿಲ ಬಳಿಯೇ ಬಿಟ್ಟರೆ ಕ್ರೇನ್ ಎತ್ತಿದಾಗ ಪೆಟ್ಟಿಗೆ ಓರೆಯಾಗುತ್ತದೆ. ತಿರುವಿನಲ್ಲಿ ಲಾರಿ ಮಗುಚಲೂಬಹುದು.

ಇನ್ನು ಬಾಗಿಲಿನ ಅಳತೆ. ಇದನ್ನು ಮರೆಯುವವರೇ ಜಾಸ್ತಿ. ಮಾಮೂಲಿ ಪೆಟ್ಟಿಗೆಯ ಒಳಗಿನ ಎತ್ತರ 2.39 ಮೀಟರ್ ಇದ್ದರೂ ಬಾಗಿಲಿನ ಎತ್ತರ 2.28 ಮಾತ್ರ. ಮೇಲೆ ಅಡ್ಡಪಟ್ಟಿ ಇರುತ್ತದೆ. 2.32 ಮೀಟರ್ ಎತ್ತರದ ಯಂತ್ರ ಒಳಗೆ ನಿಲ್ಲಬಲ್ಲದು, ಆದರೆ ಒಳಗೆ ಹೋಗಲಾರದು! ಅಂಥದಕ್ಕೆ ಹೈಕ್ಯೂಬ್ ಬೇಕು, ಅದರ ಬಾಗಿಲು ಸುಮಾರು 2.58 ಮೀಟರ್. ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿ ಒಳಗೆ ಹಾಕುವುದಾದರೆ ಎತ್ತುವಾಗಿನ ನಾಲ್ಕು ಬೆರಳಿನ ಎತ್ತರವನ್ನೂ ಸೇರಿಸಿ ಅಳೆಯಿರಿ.

ಪ್ಯಾಲೆಟ್ ಅಂದರೆ ಸರಕು ಪೇರಿಸುವ ಅಡಿಹಲಗೆ. ಅದರ ಮೇಲೆ ಸರಕು ಇಡುವವರಿಗೆ ಅಗಲದ್ದೇ ಒಂದು ತಲೆನೋವು. 1.2 ಮೀಟರ್ ಉದ್ದ, 1 ಮೀಟರ್ ಅಗಲದ ಪ್ಯಾಲೆಟ್ ಎಲ್ಲ ಕಡೆ ಬಳಕೆಯಲ್ಲಿದೆ. ಎರಡನ್ನು ಅಡ್ಡಡ್ಡ ಇಟ್ಟರೆ 2.4 ಮೀಟರ್. ಪೆಟ್ಟಿಗೆಯ ಅಗಲ 2.35. ಐದು ಸೆಂಟಿಮೀಟರ್ ಕಮ್ಮಿ! ಅದಕ್ಕೆ ಒಂದನ್ನು ಅಡ್ಡ, ಪಕ್ಕದ್ದನ್ನು ಉದ್ದ ಇಡುತ್ತಾರೆ. ಕೊನೆಯವರೆಗೂ ಹೀಗೇ ಇಟ್ಟರೆ 20 ಅಡಿಯಲ್ಲಿ ಒಂದು ಕಡೆ ಐದು, ಇನ್ನೊಂದು ಕಡೆ ನಾಲ್ಕು, ಒಟ್ಟು ಒಂಬತ್ತು ಹಿಡಿಯುತ್ತವೆ. ಎಡಗಡೆ ಮೊದಲು ಎರಡು ಅಡ್ಡ ಇಟ್ಟು ಆಮೇಲೆ ಮೂರು ಉದ್ದ, ಬಲಗಡೆ ಮೊದಲು ಎರಡು ಉದ್ದ ಇಟ್ಟು ಆಮೇಲೆ ಮೂರು ಅಡ್ಡ ಇಟ್ಟರೆ ಹತ್ತು ಹಿಡಿಯುತ್ತವೆ. ತುಂಬುವ ಮೊದಲು ಕಾಗದದ ಮೇಲೆ ಚೌಕ ಬರೆದು ನೋಡಿ. ಒಂದು ಪ್ಯಾಲೆಟ್ ಹೊರಗೆ ಉಳಿದುಹೋಗುವ ಫಜೀತಿ ತಪ್ಪುತ್ತದೆ.

ಜಾತಿಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರಿಗೆ ಮಾಮೂಲಿ ಡ್ರೈ ಕಂಟೇನರೇ ಸಾಕು. ಮೇಲಿನಿಂದ ಕ್ರೇನಿನಲ್ಲಿ ಇಳಿಸಬೇಕಾದ ಸರಕಿಗೆ ಟಾರ್ಪಾಲಿನ್ ಚಾವಣಿಯ ಓಪನ್ ಟಾಪ್. ಅಗಲವೋ ಎತ್ತರವೋ ಮೀರಿದ್ದಕ್ಕೆ ಪಕ್ಕದ ಗೋಡೆ, ಚಾವಣಿ ಇಲ್ಲದ ಫ್ಲ್ಯಾಟ್ ರ‍್ಯಾಕ್. ದ್ರವಕ್ಕೆ ಟ್ಯಾಂಕ್. ಪೆಟ್ಟಿಗೆಯನ್ನು ಗೋದಾಮಾಗಿ ಬಳಸಿ ದಿನಾ ಸಾಮಾನು ತೆಗೆದು ಇಡುವವರಿಗೆ ಎರಡೂ ತುದಿಗೆ ಬಾಗಿಲಿರುವುದೋ, ಉದ್ದದ ಗೋಡೆಯೇ ತೆರೆಯುವುದೋ ತುಂಬ ಅನುಕೂಲ. ಒಂದೇ ಬಾಗಿಲಿನ 40 ಅಡಿಯಲ್ಲಿ ಹಿಂದೆ ಇಟ್ಟ ಸಾಮಾನು ಬೇಕೆಂದರೆ ಮುಂದಿನದೆಲ್ಲ ಹೊರಗೆ ಬರಬೇಕು.

ರೀಫರ್ ಅಂದರೆ ತಂಪಿನ ಕಂಟೇನರ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಅದು ತಂಪನ್ನು ಕಾಯುವ ಯಂತ್ರ. ಬಿಸಿ ಸರಕನ್ನು ಬೇಗ ತಣ್ಣಗಾಗಿಸುವ ಯಂತ್ರವಲ್ಲ. ಹಣ್ಣನ್ನೋ ಮೀನನ್ನೋ ಬೇಕಾದ ತಂಪಿಗೆ ಮೊದಲೇ ತಂದು ಆಮೇಲೆ ತುಂಬಬೇಕು. ತಣ್ಣನೆಯ ಗಾಳಿ ನೆಲದ ಉದ್ದಕ್ಕೂ ಇರುವ ಲೋಹದ ಪಟ್ಟಿಗಳ ಸಂದಿನಿಂದ ಮೇಲೆ ಬಂದು, ಸರಕಿನ ಮೇಲಿನಿಂದ ಹಿಂದಿರುಗುತ್ತದೆ. ಒಳಗೋಡೆಯಲ್ಲಿ ಕೆಂಪು ಗೆರೆ ಇರುತ್ತದೆ. ಅದಕ್ಕಿಂತ ಮೇಲೆ ಪೇರಿಸಿದರೆ ಗಾಳಿಯ ದಾರಿ ಮುಚ್ಚುತ್ತದೆ, ಸರಕು ಕೊಳೆಯುತ್ತದೆ. ಅದಕ್ಕೆ ಮೂರು ಫೇಸ್ ವಿದ್ಯುತ್ ಬೇಕು ಎನ್ನುವುದೂ ನೆನಪಿರಲಿ. ಯಂತ್ರ ಕೆಟ್ಟ ಹಳೆಯ ರೀಫರನ್ನು ಸುಮ್ನೆ ತಳ್ಳಿಹಾಕಬೇಡಿ. ಗೋಡೆಯೊಳಗೆ ಶಾಖ ತಡೆಯುವ ಪದರ ಇರುವುದರಿಂದ ಬಿಸಿಲಿಗೆ ಬಾಡುವ ಸಾಮಾನು ಇಡಲು ಅದು ಮಾಮೂಲಿ ಪೆಟ್ಟಿಗೆಗಿಂತ ಎಷ್ಟೋ ವಾಸಿ. ಆದರೆ ಆ ಪದರದಿಂದಾಗಿ ಒಳಗಿನ ಜಾಗ ಸ್ವಲ್ಪ ಕಿರಿದು.

ಫಲಕ ಓದಲು ಕಲಿಯಿರಿ

ಬಾಗಿಲಿನ ಮೇಲೆ ನಾಲ್ಕು ಅಕ್ಷರ, ಏಳು ಅಂಕಿ ಬರೆದಿರುತ್ತದೆ. ಮೊದಲ ಮೂರು ಅಕ್ಷರ ಮಾಲೀಕರ ಗುರುತು. ನಾಲ್ಕನೆಯದು ಇಂಗ್ಲಿಷಿನ 'ಯು' ಆಗಿದ್ದರೆ ಅದು ಸರಕಿನ ಕಂಟೇನರ್. ಆಮೇಲೆ ಆರು ಅಂಕಿಗಳ ಕ್ರಮಸಂಖ್ಯೆ. ಚೌಕದೊಳಗಿನ ಕೊನೆಯ ಅಂಕಿ ಹಿಂದಿನ ಹತ್ತನ್ನೂ ಲೆಕ್ಕ ಹಾಕಿ ಬಂದದ್ದು. ಸಂಖ್ಯೆ ಬರೆದುಕೊಳ್ಳುವಾಗ ತಪ್ಪಾದರೆ ಹಿಡಿಯಲು ಅದು ಇದೆ. ಅದರ ಕೆಳಗೆ ಜಾತಿಯ ಸಂಕೇತ. 22ಜಿ1 ಅಂದರೆ 20 ಅಡಿಯ ಮಾಮೂಲಿ ಪೆಟ್ಟಿಗೆ, 42ಜಿ1 ಅಂದರೆ 40 ಅಡಿ, 45ಜಿ1 ಅಂದರೆ 40 ಅಡಿಯ ಹೈಕ್ಯೂಬ್. ಜಿ ಇರುವ ಕಡೆ ಆರ್ ಇದ್ದರೆ ರೀಫರ್.

ಇನ್ನೊಂದು, ಬಾಗಿಲಿಗೆ ರಿವೆಟ್ ಹೊಡೆದ ಲೋಹದ ಫಲಕ. ಇದನ್ನು ಸಿಎಸ್‌ಸಿ ಫಲಕ ಅನ್ನುತ್ತಾರೆ. 1972ರ ಅಂತರರಾಷ್ಟ್ರೀಯ ಕಂಟೇನರ್ ಸುರಕ್ಷತಾ ಒಪ್ಪಂದದಿಂದ ಬಂದದ್ದು. ತಯಾರಾದ ತಿಂಗಳು, ವರ್ಷ, ಒಟ್ಟು ತೂಕದ ಮಿತಿ, ಪೇರಿಸುವ ಮಿತಿ ಎಲ್ಲ ಅದರಲ್ಲಿದೆ. ಹೊಸ ಪೆಟ್ಟಿಗೆಗೆ ಐದು ವರ್ಷದೊಳಗೆ ಮೊದಲ ತಪಾಸಣೆ, ಆಮೇಲೆ 30 ತಿಂಗಳಿಗೊಮ್ಮೆ ತಪಾಸಣೆ ಆಗಬೇಕು. ದೊಡ್ಡ ಮಾಲೀಕರು ನಿರಂತರ ತಪಾಸಣೆಯ ಯೋಜನೆಗೆ ಒಪ್ಪಿಗೆ ಪಡೆದಿರುತ್ತಾರೆ. ಆಗ ದಿನಾಂಕದ ಬದಲು ಆ ಯೋಜನೆಯ ಗುರುತು ಇರುತ್ತದೆ. ಸಮುದ್ರದ ಮೇಲೆ ಕಳಿಸುವ ಪೆಟ್ಟಿಗೆಗೆ ಈ ಫಲಕ ಊರ್ಜಿತದಲ್ಲಿ ಇರಲೇಬೇಕು. ಹಿತ್ತಲಲ್ಲಿ ಇಟ್ಟು ಸಾಮಾನು ತುಂಬುವುದಕ್ಕೆ ಬೇಕಿಲ್ಲ. ಆದರೂ ಓದಿ. ಬಳಿದ ಬಣ್ಣ ಹೇಳದ ವಯಸ್ಸನ್ನು ಅದು ಹೇಳುತ್ತದೆ.

ನೆಲದ ಮರಕ್ಕೆ ಹುಳ ಹಿಡಿಯದಂತೆ ಯಾವ ಔಷಧಿ ಹಾಕಿದ್ದಾರೆ ಎಂಬುದೂ ಅಲ್ಲೇ ಬರೆದಿರುತ್ತದೆ. ಕಂಟೇನರಿನ ನೆಲ ಸಾಮಾನ್ಯವಾಗಿ 28 ಮಿಲಿಮೀಟರ್ ದಪ್ಪದ ಪ್ಲೈವುಡ್. ಅದಕ್ಕೆ ಕೀಟನಾಶಕ ಹಾಕಿರುತ್ತಾರೆ. ಪೆಟ್ಟಿಗೆಯನ್ನು ಕೋಣೆಯಾಗಿ ಮಾಡಿಕೊಂಡು ಜನ ಇರುವುದಾದರೆ, ಇಲ್ಲವೇ ತಿನ್ನುವ ಪದಾರ್ಥ ಇಡುವುದಾದರೆ ಈ ಸಾಲನ್ನು ಬಿಟ್ಟು ಮುಂದೆ ಹೋಗಬೇಡಿ. ಹಿಂದೆ ಏನು ಸಾಗಿಸಿದ್ದರು ಎಂದೂ ಕೇಳಿ. ಬಾಗಿಲು ಹಾಕಿಸಿಕೊಂಡು ನಿಂತಾಗ ಮೂಗಿಗೂ ಸ್ವಲ್ಪ ಕೆಲಸ ಕೊಡಿ. ನೆಲ ಹೀರಿದ ಎಣ್ಣೆ ಅಥವಾ ರಾಸಾಯನಿಕದ ವಾಸನೆ ಸುಲಭಕ್ಕೆ ಹೋಗುವುದಿಲ್ಲ, ಅದು ನಿಮ್ಮ ಸರಕಿಗೂ ಹಿಡಿಯುತ್ತದೆ.

ಮಾರುವವರು ದರ್ಜೆಯ ಹೆಸರು ಹೇಳುತ್ತಾರೆ. ಒನ್ ಟ್ರಿಪ್ ಅಂದರೆ ಕಾರ್ಖಾನೆಯಿಂದ ಒಂದೇ ಸಲ ಸರಕು ತುಂಬಿಕೊಂಡು ಬಂದದ್ದು, ಬಹುತೇಕ ಹೊಸದು. ಕಾರ್ಗೋ ವರ್ದಿ ಅಂದರೆ ಹಳೆಯದಾದರೂ ಇನ್ನೂ ಹಡಗು ಹತ್ತಲು ತಕ್ಕದ್ದು. ವಿಂಡ್ ಅಂಡ್ ವಾಟರ್ ಟೈಟ್ ಅಂದರೆ ಗಾಳಿ, ಮಳೆ ಒಳಗೆ ಬರುವುದಿಲ್ಲ ಎಂದಷ್ಟೇ ಭರವಸೆ. ಆ್ಯಸ್ ಈಸ್ ಅಂದರೆ ಹೇಗಿದೆಯೋ ಹಾಗೆ, ಯಾವ ಭರವಸೆಯೂ ಇಲ್ಲ. ಒಬ್ಬರ ದರ್ಜೆ ಇನ್ನೊಬ್ಬರ ದರ್ಜೆಗೆ ಸರಿಯಾಗಿ ತಾಳೆಯಾಗಬೇಕು ಎಂದೇನಿಲ್ಲ. ಹೆಸರು ಕೇಳಿ ಸುಮ್ಮನಾಗದೆ ನೀವೇ ನೋಡಿ. ಗೋದಾಮಿಗೆ ಮೂರನೆಯ ದರ್ಜೆ ಸಾಕು, ಅದರಲ್ಲಿ ಹಣ ಉಳಿಸಬಹುದು. ಸಮುದ್ರಕ್ಕೆ ಕಳಿಸುವುದಾದರೆ ಮೊದಲೆರಡೇ ಗತಿ.

ತುಕ್ಕು ಕಂಡ ತಕ್ಷಣ ಗಾಬರಿ ಬೇಡ. ಇದು ಕಾರ್ಟೆನ್ ಎಂಬ ಬಗೆಯ ಉಕ್ಕು. ಮೇಲೆ ಕೂರುವ ತೆಳು ತುಕ್ಕು ಒಳಗಿನ ಉಕ್ಕನ್ನು ಕಾಯುತ್ತದೆ. ಕೈಯಲ್ಲಿ ಉಜ್ಜಿದರೆ ಪುಡಿಯಾಗುವ ಕಂದು ಬಣ್ಣಕ್ಕೆ ಹೆದರಬೇಕಿಲ್ಲ. ಪದರ ಪದರವಾಗಿ ಏಳುವ, ಉಗುರಿಗೆ ಹಪ್ಪಳದಂತೆ ಕಿತ್ತು ಬರುವ ತುಕ್ಕಿಗೆ ಹೆದರಬೇಕು. ಅದನ್ನು ಹುಡುಕಬೇಕಾದ ಜಾಗ ಗೋಡೆಯಲ್ಲ. ನೀರು ನಿಲ್ಲುವ ಚಾವಣಿಯ ತಗ್ಗು, ಬಾಗಿಲಿನ ಕೆಳ ಅಂಚು, ಬಾಗಿಲ ಹೊಸ್ತಿಲು, ನೆಲವನ್ನು ಹೊತ್ತ ಅಡ್ಡ ತೊಲೆಗಳು. ತೊಲೆ ನೋಡಲು ಬಗ್ಗಿ ಕೆಳಗೆ ಇಣುಕಲೇಬೇಕು. ಬಟ್ಟೆ ಕೊಳೆಯಾದರೂ ಪರವಾಗಿಲ್ಲ, ಇಣುಕಿ.

ಒಳಗೇ ಸುರಿಯುವ ಮಳೆ

ಒಂದೂ ತೂತಿಲ್ಲದ ಪೆಟ್ಟಿಗೆಯಲ್ಲೂ ಸಾಮಾನು ನೆನೆಯುತ್ತದೆ. ಇದು ಹಲವರಿಗೆ ಅರ್ಥವಾಗದ ಸಂಗತಿ. ಹಗಲಲ್ಲಿ ಉಕ್ಕು ಕಾಯುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಮರದಿಂದ, ರಟ್ಟಿನಿಂದ, ಸರಕಿನಿಂದ ತೇವ ಹೀರಿಕೊಳ್ಳುತ್ತದೆ. ರಾತ್ರಿ ಚಾವಣಿ ಬೇಗ ತಣ್ಣಗಾಗುತ್ತದೆ. ಆ ತೇವ ಚಾವಣಿಯ ಒಳಮೈಗೆ ಹನಿಯಾಗಿ ಕೂತು, ಆಮೇಲೆ ತೊಟ್ಟಿಕ್ಕುತ್ತದೆ. ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಗಡೆ ನೀರಿರುತ್ತದಲ್ಲ, ಹಾಗೇ. ಬೆಳಗ್ಗೆ ನೋಡಿದರೆ ಮೇಲೆ ಪೇರಿಸಿದ ರಟ್ಟಿನ ಡಬ್ಬಗಳ ನೆತ್ತಿ ಒದ್ದೆ. ಕೆಲವು ವಾರ ಕಳೆದರೆ ಬೂಷ್ಟು. ಸಾಗಣೆಯವರು ಇದನ್ನು ಕಂಟೇನರ್ ಮಳೆ ಎಂದೇ ಕರೆಯುತ್ತಾರೆ.

ಗೋಡೆಯಲ್ಲಿರುವ ಸಣ್ಣ ಗಾಳಿಕಿಂಡಿಗಳು ಇದನ್ನು ತಡೆಯುವುದಿಲ್ಲ. ಅವು ಇರುವುದು ಒಳಗಿನ, ಹೊರಗಿನ ಒತ್ತಡ ಸರಿದೂಗಿಸಲು. ಉಪಾಯವೆಂದರೆ ತೇವವನ್ನು ಒಳಗೆ ಬಿಟ್ಟುಕೊಳ್ಳದಿರುವುದು. ಹಸಿ ಮರದ ಪ್ಯಾಲೆಟ್ ಬೇಡ, ಚೆನ್ನಾಗಿ ಒಣಗಿದ್ದೇ ಇರಲಿ. ಮಳೆಯಲ್ಲಿ ತುಂಬಬೇಡಿ. ಉದ್ದದ ಪಯಣಕ್ಕೆ ತೇವ ಹೀರುವ ಚೀಲಗಳನ್ನು ಗೋಡೆಗೆ ನೇತುಹಾಕಿ. ನಿಂತೇ ಇರುವ ಪೆಟ್ಟಿಗೆಗೆ ದೊಡ್ಡ ಗಾಳಿಕಿಂಡಿ ಕೂರಿಸಿ, ಚಾವಣಿಯ ಒಳಗೆ ಶಾಖ ತಡೆಯುವ ಪದರ ಹಾಕಿಸಿ. ಪೆಟ್ಟಿಗೆಯ ಮೇಲೆ ಒಂದಡಿ ಬಿಟ್ಟು ತಗಡಿನ ಚಪ್ಪರ ಹಾಕಿದರೂ ಬಹಳ ವ್ಯತ್ಯಾಸವಾಗುತ್ತದೆ. ಸಾಮಾನನ್ನು ಗೋಡೆಗೆ ಒತ್ತಿ ಇಡಬೇಡಿ.

ಸಾಗಣೆಗೆ ಮಾತ್ರ ಬೇಕಾದವರು ಪೆಟ್ಟಿಗೆ ಕೊಳ್ಳುವ ಅಗತ್ಯವೇ ಇಲ್ಲದಿರಬಹುದು. ಹಡಗಿನ ಕಂಪನಿಯೇ ಕೊಡುತ್ತದೆ. ಅದರಲ್ಲಿ ಗಮನಿಸಬೇಕಾದ್ದು ದಿನಗಳ ಲೆಕ್ಕ. ಉಚಿತ ದಿನ ಮುಗಿದ ಮೇಲೆ ತುಂಬಿದ ಪೆಟ್ಟಿಗೆ ಬಂದರಿನಲ್ಲೇ ಉಳಿದರೆ ಡೆಮರೇಜ್, ನೀವು ಒಯ್ದು ಖಾಲಿ ಮಾಡಿ ವಾಪಸ್ ಕೊಡದಿದ್ದರೆ ಡಿಟೆನ್ಷನ್. ಎರಡೂ ದಿನದ ಲೆಕ್ಕದಲ್ಲಿ ಏರುತ್ತಾ ಹೋಗುತ್ತವೆ. ಎಷ್ಟು ದಿನ ಉಚಿತ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ತುಂಬಿದ ಪೆಟ್ಟಿಗೆಯ ನಿಜವಾದ ತೂಕವನ್ನು ಹಡಗಿಗೆ ಏರಿಸುವ ಮೊದಲೇ ತಿಳಿಸುವುದು 2016ರ ಜುಲೈ 1ರಿಂದ ಕಡ್ಡಾಯ. ಪೆಟ್ಟಿಗೆಯನ್ನೇ ತೂಗಿಸಬಹುದು, ಇಲ್ಲವೇ ಸರಕು, ಪ್ಯಾಲೆಟ್, ಕಟ್ಟುವ ಸಾಮಾನು ಎಲ್ಲ ತೂಗಿ ಬಾಗಿಲಿನ ಮೇಲೆ ಬರೆದ ಖಾಲಿ ತೂಕವನ್ನು ಕೂಡಿಸಬಹುದು. ಅಂದಾಜು ಹೇಳುವ ಹಾಗಿಲ್ಲ. ಬಂದ ಪೆಟ್ಟಿಗೆಯ ಮೇಲೆ ವಿಷಾನಿಲ ಹಾಕಿದ ಎಚ್ಚರಿಕೆಯ ಚೀಟಿ ಇದ್ದರೆ, ಗಾಳಿಯಾಡಿಸಿ ಪರೀಕ್ಷೆ ಮಾಡಿಸುವವರೆಗೆ ಯಾರೂ ಒಳಗೆ ಕಾಲಿಡಬಾರದು.

ಇಟ್ಟುಕೊಳ್ಳುವವರಿಗೆ ಉಳಿದ ದೊಡ್ಡ ಕೆಲಸ ಜಾಗ ಸಿದ್ಧ ಮಾಡುವುದು. ಮತ್ತೆ ಮೂಲೆಗಳ ಮಾತೇ ಬಂತು. ನಾಲ್ಕೂ ಮೂಲೆಗಳ ಕೆಳಗೆ ಗಟ್ಟಿ ಆಧಾರ ಇರಬೇಕು, ನಾಲ್ಕೂ ಒಂದೇ ಮಟ್ಟದಲ್ಲಿರಬೇಕು. ಕಾಂಕ್ರೀಟ್ ಕಟ್ಟೆ ಇರಬಹುದು, ದಪ್ಪ ಮರದ ದಿಮ್ಮಿ ಇರಬಹುದು. ಕೆಳಗೆ ಗಾಳಿಯಾಡುವಷ್ಟು ಎತ್ತರವಿರಲಿ. ಬರಿ ಮಣ್ಣಿನ ಮೇಲೆ ಕೂರಿಸಿದರೆ ತೊಲೆ ತುಕ್ಕು ಹಿಡಿಯುತ್ತದೆ. ಒಂದು ಮೂಲೆ ಕುಸಿದರೂ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ. ಆಗ ಬಾಗಿಲು ಹಾಕಲು ಬರುವುದಿಲ್ಲ. ಬಾಗಿಲು ಕೆಟ್ಟಿದೆ ಎಂದುಕೊಂಡು ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಕೆಟ್ಟಿರುವುದು ಬಾಗಿಲಲ್ಲ, ಕೆಳಗಿನ ನೆಲ. ಆ ಮೂಲೆಯನ್ನು ಜಾಕ್ ಕೊಟ್ಟು ಎತ್ತಿ ಒಂದು ಹಲಗೆ ತುರುಕಿದರೆ ಎಷ್ಟೋ ಸಲ ಬಾಗಿಲು ಸಲೀಸಾಗಿ ಹಾಕಿಕೊಳ್ಳುತ್ತದೆ.

ತಂದು ಇಳಿಸುವ ಲಾರಿಗೂ ಜಾಗ ಬೇಕು. ಓರೆಯಾಗಿ ಜಾರಿಸಿ ಇಳಿಸುವ ಲಾರಿಯಾದರೆ ಪೆಟ್ಟಿಗೆ ಕೂರುವ ಜಾಗದ ಮುಂದೆ ನೇರಕ್ಕೆ ಲಾರಿಯ ಉದ್ದ, ಪೆಟ್ಟಿಗೆಯ ಉದ್ದ ಎರಡೂ ಖಾಲಿ ಇರಬೇಕು. ಮೇಲೆ ವಿದ್ಯುತ್ ತಂತಿ, ಮರದ ಕೊಂಬೆ ಇರಬಾರದು. ಬಾಗಿಲು ಯಾವ ದಿಕ್ಕಿಗೆ ಬರಬೇಕು ಎಂದು ತುಂಬುವ ಜಾಗದಲ್ಲೇ ಚಾಲಕರಿಗೆ ಹೇಳಿಬಿಡಿ. ರಸ್ತೆಗೆ ಬಂದ ಮೇಲೆ ತಿರುಗಿಸುವುದು ಕಷ್ಟ. ಪೆಟ್ಟಿಗೆ ಕೂತ ಮೇಲೆ ಮೊದಲು ಬಲಗಡೆಯ ಬಾಗಿಲು ತೆರೆಯಿರಿ, ಅದೇ ಎಡಗಡೆಯದರ ಮೇಲೆ ಕೂತಿರುತ್ತದೆ. ಹಿಡಿ ಎತ್ತಿ, ತಿರುಗಿಸಿ, ಎಳೆಯಿರಿ. ಎರಡೂ ಬಾಗಿಲು ಪೂರ್ತಿ ತೆರೆದು, ಮತ್ತೆ ಹಾಕಿ, ಚಿಲಕದ ಕಂಬಿಗಳು ಮೇಲೆ ಕೆಳಗೆ ಸರಿಯಾಗಿ ಕೂರುತ್ತವೆಯೇ ನೋಡಿ. ಇದಾಗುವವರೆಗೆ ಲಾರಿಯನ್ನು ಹೋಗಲು ಬಿಡಬೇಡಿ.